ತಾಯಮ್ಮನ ಅಕ್ಕಡಿ ಸಾಲು

ಆಷಾಢ ಮುಗಿಯಲು ಇನ್ನೂ ವಾರವಿತ್ತು. ಮಂಗಳವಾರ ಬೆಳಿಗ್ಗೆ ನಾನು ಬೆಂಗಳೂರಿನಲ್ಲಿ ಹೊಸೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಬಟ್ಟೆಚೀಲ, ತಲೆಯಲ್ಲಿ ಒಂದೇ ಒಂದು ಪದ. ಒಂದು ಪದಕ್ಕಾಗಿ ನಾಲ್ಕು ದಿನ ರಜೆ ಹಾಕುತ್ತೇನೆ ಎಂದಾಗ ಕಚೇರಿಯಲ್ಲಿ ಎಲ್ಲರೂ ನಕ್ಕಿದ್ದರು. ನಗಲಿ ಬಿಡಿ, ಅವರ ರಜೆಯನ್ನೇನೂ ನಾನು ಕೇಳಿರಲಿಲ್ಲ.

ಒಣಬೇಸಾಯದ ಬಗ್ಗೆ ತಮಿಳಿನಲ್ಲಿದ್ದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ 'ಕಲಪ್ಪು ಪಯಿರ್' ಎಂದಿದ್ದ ಕಡೆಯಲ್ಲೆಲ್ಲ ನಾನು 'ಅಕ್ಕಡಿ' ಎಂದು ಬರೆದೆ. ಸಂಪಾದಕರು ಅದನ್ನೆಲ್ಲ ಹೊಡೆದುಹಾಕಿ 'ಮಿಶ್ರ ಬೆಳೆ' ಎಂದು ತಿದ್ದಿದರು. "ಎರಡೂ ಒಂದೇ ತಾನೆ?" ಎಂದು ಕೇಳಿದರು. ಹೌದು ಎನ್ನಲು ಮನಸ್ಸು ಬರಲಿಲ್ಲ, ಅಲ್ಲ ಎನ್ನಲು ಆಧಾರವಿರಲಿಲ್ಲ. ರಾಗಿ ಹೊಲದಲ್ಲಿ ಅಷ್ಟಷ್ಟು ಸಾಲಿಗೊಮ್ಮೆ ಅವರೆ, ಹುಚ್ಚೆಳ್ಳು, ಹರಳು ಹಾಕುವ ಬೇರೆ ಸಾಲಿಗೆ ಅಕ್ಕಡಿ ಎನ್ನುತ್ತಾರೆ. ಇಷ್ಟು ನನಗೆ ಗೊತ್ತು. ಆದರೆ ನಮ್ಮಜ್ಜಿ ತನ್ನ ಸೆರಗಿನ ಕಾಸಿನ ಗಂಟಿಗೂ ಅಕ್ಕಡಿ ಎನ್ನುತ್ತಿದ್ದಳು. ಹೊಲದ ಸಾಲು ಸೆರಗಿನ ತುದಿಗೆ ಹೇಗೆ ಬಂತು ಎಂಬುದು ಚಿಕ್ಕಂದಿನಿಂದಲೂ ನನಗೆ ತಿಳಿದಿರಲಿಲ್ಲ.

ನಮ್ಮ ಬೀದಿಯಲ್ಲಿ ಹೂ ಮಾರುವ ಮುನಿಯಮ್ಮನ ತವರು ಧರ್ಮಪುರಿ ಜಿಲ್ಲೆ. ನನ್ನ ಫಜೀತಿ ಕೇಳಿ ಆಕೆ, "ನಮ್ ಚಿಕ್ಕಪ್ಪನ ಮಗಳು ತಾಯಮ್ಮ ಅಂತ ಅವಳೆ. ಅವ್ಳ ಮನೇಗೋಗಿ. ಅವ್ಳು ಬಾಯಿ ತೆಗೆದ್ರೆ ಅಕ್ಕಡೀನೇ" ಎಂದು ಊರಿನ ದಾರಿ ಹೇಳಿಕೊಟ್ಟಳು.

ಹೊಸೂರಿನಲ್ಲಿ ಇಳಿದು ಎರಡು ಇಡ್ಲಿ ತಿಂದೆ. ಚಟ್ನಿ ಎಷ್ಟು ಖಾರವಿತ್ತೆಂದರೆ ರಾಯಕೋಟೆ ದಾಟುವವರೆಗೂ ನಾಲಿಗೆ ಹೊರಗೇ ಇತ್ತು. ಅಲ್ಲಿಂದ ಮುಂದೆ ಬಸ್ಸು ಗುಡ್ಡಗಳ ನಡುವೆ ಇಳಿಯುತ್ತ ಹೋಯಿತು. ತಮಿಳರ ಆಡಿ ತಿಂಗಳ ಗಾಳಿ ಕಿಟಕಿಯಿಂದ ಕೆಂಪು ಧೂಳನ್ನು ತಂದು ಎಲ್ಲರ ಮಡಿಲಿಗೂ ಸಮನಾಗಿ ಹಂಚಿತು. ಮಾರಂಡಹಳ್ಳಿಯಲ್ಲಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಆ ಕಾಲಕ್ಕೆ ಹೊಸೂರಿನಿಂದ ಟಿಕೆಟ್ಟಿಗೆ ಹತ್ತು ರೂಪಾಯಿಯೂ ಆಗುತ್ತಿರಲಿಲ್ಲ.

ಸಂತೆಬೀದಿಯಲ್ಲಿ ಕಾಳು ಮಾರುತ್ತಿದ್ದವನ ಮುಂದೆ ಅವರೆ, ಅಲಸಂದೆ, ತೊಗರಿ ಎಲ್ಲ ಒಟ್ಟಾಗಿದ್ದ ಒಂದು ಗುಡ್ಡೆ ಕಂಡಿತು. ಏನೆಂದು ಕೇಳಿದೆ. "ಅಕ್ಕಡಿ ಕಾಳಮ್ಮ. ಎಂಗಸ್ರು ತರ್ತಾರೆ. ಒಬ್ಬೊಬ್ರು ಒಂದೊಂದು ಹಿಡಿ. ಬೇರೆ ಮಾಡ್ಕಂಡು ಕೂತ್ರೆ ಪೊೞುದು ಓಗ್ಬುಡ್ತದೆ" ಎಂದ. ಹೊತ್ತು ಹೋಗುತ್ತದೆ ಎಂದು ಅವನ ಮಾತಿನ ಅರ್ಥ. ಬರುವಾಗಲೇ ಒಂದು ಅರ್ಥ ಸಿಕ್ಕಿತೆಂದು ನನಗೆ ಖುಷಿಯಾಯಿತು. ಅವನ ಪ್ರಕಾರ ಅಕ್ಕಡಿ ಎಂದರೆ ಹೆಂಗಸರು ಮಾರಲು ತಂದ ಕಾಳು, ಅಷ್ಟೇ.

ತಾಯಮ್ಮನ ಊರು ಅಲ್ಲಿಂದ ಎರಡು ಮೈಲಿ. ಆಕೆಗೆ ಐವತ್ತು ದಾಟಿತ್ತು. ಚಿಕ್ಕವಯಸ್ಸಿನಲ್ಲೇ ಗಂಡ ತೀರಿಹೋಗಿ ತವರಿಗೆ ಬಂದವಳು, ಮಕ್ಕಳಿಲ್ಲ. ಮನೆ ಅವಳ ತಮ್ಮ ಚಿನ್ನಸಾಮಿಯದು. ಚಿನ್ನಸಾಮಿಯ ಹೆಂಡತಿ ಸೆಲ್ವಿ, ಸೇಲಂ ಜಿಲ್ಲೆಯ ನಂಗವಳ್ಳಿಯ ಕಡೆಯವಳು. ಕನ್ನಡದ ಮನೆಯಲ್ಲೇ ಹುಟ್ಟಿದರೂ ಬಾಯಿಗೆ ಬರುವುದು ತಮಿಳು. ನಾನು ಬಂದ ಕಾರಣ ಹೇಳಿದ್ದೇ ತಡ, ಚಿನ್ನಸಾಮಿ ಜೋರಾಗಿ ನಕ್ಕ.

"ನೀವು ಸರಿಯಾದ ಟೈಮ್‌ಗೆ ಬಂದ್ರಿ ಬಿಡಿ. ಈ ವರ್ಷದಿಂದ ಅಕ್ಕಡಿ ಇಲ್ಲ. ವೆಳ್ಳಿಕ್ಕಿೞಮೆ ಟ್ರಾಕ್ಟರ್ ಬರ್ತೈತೆ. ಶುಕ್ರವಾರ ಒಂದೇ ದಿನ್ದಾಗೆ ಕೆಲ್ಸ ಫಿನಿಶ್."

ಅವನ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಸಾಲಾಗಿ ಬೀಜ ಬಿತ್ತುವ ಹಳೆಯ ಕೂರಿಗೆ ಗೆದ್ದಲು ಹಿಡಿದು ಹೋಗಿತ್ತು. ಕೂರಿಗೆ ಹಿಡಿಯಲು ಒಬ್ಬ, ಬೀಜ ಬಿಡಲು ಒಬ್ಬ, ಎತ್ತಿನ ಮುಂದೆ ಒಬ್ಬ ಬೇಕು. ಕರೆದರೆ ಆಳು ಬರುತ್ತಿರಲಿಲ್ಲ. ಟ್ರಾಕ್ಟರಾದರೆ ಉತ್ತು ಹೋಗುತ್ತದೆ, ಇವನು ರಾಗಿ ಎರಚುತ್ತಾನೆ, ಮತ್ತೊಂದು ಸುತ್ತಿಗೆ ಮಣ್ಣು ಮುಚ್ಚುತ್ತದೆ. ಆದರೆ ಎರಚಿದ ಹೊಲದಲ್ಲಿ ಸಾಲೇ ಇರುವುದಿಲ್ಲ. ಸಾಲಿಲ್ಲದ ಮೇಲೆ ಅಕ್ಕಡಿ ಎಲ್ಲಿಂದ ಬರಬೇಕು? ಸೆಲ್ವಿ ಒಳಗಿನಿಂದಲೇ "ಟ್ರಾಕ್ಟರ್‌ದಾನ್ ನಲ್ಲದು" ಎಂದು ಟ್ರಾಕ್ಟರಿಗೆ ತನ್ನ ಮತ ಹಾಕಿದಳು. ತಾಯಮ್ಮ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಸಂಜೆ ಆಕೆ ನನ್ನನ್ನು ಅಟ್ಟದ ಕೆಳಗೆ ಕರೆದುಕೊಂಡು ಹೋಗಿ ಸಡ್ಡೆಯನ್ನು ತೋರಿಸಿದಳು. ಸಡ್ಡೆ ಎಂದರೆ ಮೇಲೆ ಬಾಯಿ ಅಗಲವಾಗಿರುವ ಬಿದಿರಿನ ಕೊಳವೆ. ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿರುತ್ತಾರೆ. ಗಂಡಸರು ರಾಗಿ ಬಿತ್ತುತ್ತ ಮುಂದೆ ಹೋದರೆ ಮನೆಯ ಮಗಳು ಹಿಂದಿನಿಂದ ಆ ಕೊಳವೆಯಲ್ಲಿ ಕಾಳು ಬಿಡುತ್ತ ನಡೆಯಬೇಕು. ಯಾರ ಕೈ ಕಾಳು ಬಿಟ್ಟಿತೋ ಬೆಳೆ ಅವಳದೇ. ಮಗಳಿಗೆ ಮದುವೆಯಾಗಿದ್ದರೂ ಬಿತ್ತನೆಗೆ ಬರುತ್ತಾಳೆ, ಅವರೆ ಬಿಡಿಸಲು ಇನ್ನೊಮ್ಮೆ ಬರುತ್ತಾಳೆ. ಸೊಸೆಗೆ ಗಂಡನ ಹೊಲದಲ್ಲಿ ಅಕ್ಕಡಿ ಇಲ್ಲ. ಅವಳದು ಅವಳ ತವರಿನಲ್ಲಿ.

"ನಿಮಗೆ ಅದರಿಂದ ಎಷ್ಟು ಬರುತ್ತದೆ?" ಎಂದು ಕೇಳಿದೆ. ಪೇಟೆಯವರ ಪ್ರಶ್ನೆ ಅದು.

"ಎಷ್ಟೋ ಬರ್ಲಿ ಕಣಮ್ಮ. ಹರಳು ಮಾರಿ ನನ್ ಸೀರೆ ನಾನ್ ತಗಂತೀನಿ. ಮನೇಗ್ ಯಾರಾನ ಬಂದ್ರೆ ನನ್ ಅವರೆ ಬೇಯಿಸ್ತೀನಿ. ಆ ಸಾಲು ಐತೆ ಅಂತ ಈ ಮನೇಲಿ ನಾನು ಮಗಳು. ಅದೂ ಓದ್ರೆ, ತಮ್ಮನ ಮನೇಲಿ ಉಣ್ಣಕ್ ಕುಂತೋಳು." ಅಷ್ಟು ಹೇಳಿ ಸಡ್ಡೆಯನ್ನು ಸೆರಗಿನಿಂದ ಒರೆಸಿ ಮತ್ತೆ ಅಟ್ಟಕ್ಕೆ ಸಿಕ್ಕಿಸಿದಳು. ನನಗೆ ಅಜ್ಜಿಯ ಸೆರಗಿನ ಗಂಟು ನೆನಪಾಯಿತು. ತಮ್ಮನಿಗೆ ಹೀಗೆಂದು ಹೇಳಬಾರದೇಕೆ ಎಂದೆ. "ಕೇಳಿ ತಗಂಡ್ರೆ ಅದು ಅಕ್ಕಡಿನಾ?" ಎಂದಳು.

ಬುಧವಾರ, ಬೇರೆ ಊರುಗಳಲ್ಲೂ ಆ ಪದವನ್ನು ಕೇಳಿನೋಡೋಣವೆಂದು, ನಾನು ಪಾಲಕ್ಕೋಡಿನ ಮೇಲೆ ಕಾರಿಮಂಗಲಕ್ಕೆ ಹೋದೆ. ಹೊರಡುವಾಗ ಸೆಲ್ವಿ, ನಾನು ನಾಳೆ ಮೇಚ್ಚೇರಿಯ ಕಡೆಗೆ ಹೋಗುವವಳೆಂದು ತಿಳಿದು, ನಂಗವಳ್ಳಿಯಲ್ಲಿ ತನ್ನ ತಾಯಿಯನ್ನು ನೋಡಿಬರುವಂತೆ ಹೇಳಿದಳು. ತಾನು ಹೋಗಿ ಮೂರು ವರ್ಷವಾಯಿತಂತೆ. ಯಾಕೆ ಹೋಗಿಲ್ಲ ಎಂದರೆ "ವೇಲೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಕೆಲಸವಂತೆ.

ಕಾರಿಮಂಗಲದಲ್ಲಿ ಬೀಜ ಕೊಡುವ ಡಿಪೋ ಒಂದಿತ್ತು. ಅಲ್ಲಿದ್ದ ಯುವಕ ಕನ್ನಡ ಬಲ್ಲವನು, ಆದರೆ ಮೇಜಿನ ಹಿಂದೆ ಕೂತಾಗ ತಮಿಳನ್ನೇ ಆಡುವವನು. ಅಕ್ಕಡಿ ಎಂದೊಡನೆ "ಅದು ಊಡುಪಯಿರ್" ಎಂದ. ನಡುನಡುವೆ ಬೆಳೆಯುವ ಪೈರು ಎಂದರ್ಥ. ಹಾಗಾದರೆ ಕಲಪ್ಪು ಪಯಿರ್? ಅದು ಎಲ್ಲ ಬೆರೆಸಿ ಬೆಳೆಯುವುದು, ಇದು ಸಾಲು ಬಿಟ್ಟು ಬೆಳೆಯುವುದು ಎಂದು ಬೆರಳು ಮಡಿಸಿ ವಿವರಿಸಿದ. ನಮ್ಮ ಸಂಪಾದಕರ ಎದುರು ಅವನನ್ನು ಕೂರಿಸಬೇಕೆನಿಸಿತು. "ಅದು ಯಾರಿಗೆ ಸೇರುತ್ತೆ?" ಎಂದು ಕೇಳಿದೆ. "ಯಾರಿಗೇನು? ಪಟ್ಟಾ ಯಾರ ಹೆಸರಿಗಿದ್ಯೋ ಅವರಿಗೆ" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ.

ಊರಾಚೆ ಬಯಲಿನಲ್ಲಿ ಕುರಿಮಂದೆಯೊಂದು ಮೇಯುತ್ತಿತ್ತು. ಮುದುಕ ಗಂಡ, ಮುದುಕಿ ಹೆಂಡತಿ, ಒಂದು ಹುಣಸೆ ಮರದ ನೆರಳು. ನನ್ನ ಚೀಲದಲ್ಲಿದ್ದ ಕಡಲೆಕಾಯಿ ಹಂಚಿಕೊಂಡು ಮಾತಿಗೆ ಕುಳಿತೆ. ಅವರ ಮಾತು ನಮ್ಮ ಕನಕಪುರದ ಕಡೆಯ ಮಾತಿನ ಹಾಗೆಯೇ ಇತ್ತು, ಎಡೆಯಲ್ಲಿ ತಮಿಳು ನುಸುಳುವುದೊಂದು ಬಿಟ್ಟರೆ. ಮುದುಕ ಕೋಲು ಚಾಚಿ ಒಂದು ಕರಿಮುಖದ ಕುರಿಯನ್ನು ತೋರಿಸಿದ.

"ಅದೋ ನೋಡಿ, ನಮ್ ದೊಡ್ಮಗಳ ಅಕ್ಕಡಿ."

ನಾನು ಬೆರಗಾದೆ. ಅವರಲ್ಲಿ ಮಗಳು ಗಂಡನ ಮನೆಗೆ ಹೋದ ಮೇಲೂ ಅವಳ ಹೆಸರಿನ ಒಂದು ಕುರಿ ಅಪ್ಪನ ಮಂದೆಯಲ್ಲೇ ಉಳಿಯುತ್ತದೆಯಂತೆ. ಮರಿ ಹಾಕಿದರೆ ಅವಳಿಗೆ ಹೇಳಿ ಕಳಿಸಬೇಕು, ಅವಳು ಬಂದು ನೋಡಬೇಕು. ಇಷ್ಟು ಕುರಿಗಳಲ್ಲಿ ಗುರುತು ಹೇಗೆ ಎಂದು ಕೇಳಿದ್ದಕ್ಕೆ ಮುದುಕಿ, "ಸಂಜೆ ತಂಕ ಒಂದೇ ಸಮ್ನೆ ಬಾಯಿ ಮಾಡ್ತೈತಲ್ಲ, ಅದೇ. ಥೇಟ್ ನಮ್ ಮಗಳಂಗೇ" ಎಂದಳು. ಮುದುಕ ನಗು ತಡೆಯಲಾರದೆ ಕೆಮ್ಮಿದ. ಆ ಕುರಿಯೂ ಅದೇ ಹೊತ್ತಿಗೆ ಅರಚಿಕೊಂಡಿತು.

ಆ ರಾತ್ರಿ ಧರ್ಮಪುರಿಯ ಲಾಡ್ಜಿನಲ್ಲಿ ತಂಗಿದೆ. ಚೆನ್ನಾಗಿ ಮಳೆ ಹೊಯ್ಯಿತು. ಬಿತ್ತನೆಗೆ ಒಳ್ಳೆಯದಾಯಿತು ಎಂದುಕೊಂಡೆ, ತಾಯಮ್ಮನ ನೆನಪಾಗಿ ಅಷ್ಟು ಒಳ್ಳೆಯದೆಂದೂ ಅನ್ನಿಸಲಿಲ್ಲ.

ಗುರುವಾರ ತೊಪ್ಪೂರು ಘಾಟಿಯಲ್ಲಿ ಲಾರಿಯೊಂದು ಕೆಟ್ಟು ನಿಂತು ನಮ್ಮ ಬಸ್ಸು ಅದರ ಹಿಂದೆಯೇ ತೂಕಡಿಸಿತು. ಮೇಚ್ಚೇರಿಯಲ್ಲಿ ಬಸ್ಸು ಬದಲಿಸಿ ನಂಗವಳ್ಳಿ ತಲುಪುವಾಗ ಇಳಿಹೊತ್ತು. ಬೀದಿಯ ಮನೆಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು. ಸೆಲ್ವಿಯ ತಾಯಿ ಮಾದಮ್ಮನ ಮನೆ ಊರ ಅಂಚಿನಲ್ಲಿ, ಹತ್ತಿ ಹೊಲಕ್ಕೆ ಮುಖ ಮಾಡಿಕೊಂಡಿತ್ತು. ಸೆಲ್ವಿ ಕಳಿಸಿದವಳು ಎಂದಾಗ ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. "ಸೊರಗವ್ಳಾ? ಉಣ್ತಾಳಾ?" ಎಂದು ಕೇಳಿ, ನಾನು ಹೇಳಿದ್ದನ್ನು ನಂಬದೆ ಮತ್ತೊಮ್ಮೆ ಕೇಳಿದಳು.

ಊಟಕ್ಕೆ ಅನ್ನ, ಹುರುಳಿ ಸಾರು, ಸುಟ್ಟ ಹಪ್ಪಳ. ಊಟದ ಮೇಲೆ ನನ್ನ ಪದ ತೆಗೆದೆ. ಮಾದಮ್ಮ ಉತ್ತರಿಸುವ ಮೊದಲೇ ಅವಳ ಮೊಮ್ಮಗಳು, ಕಾಲೇಜಿಗೆ ಹೋಗುವ ಹುಡುಗಿ, "ಅಕ್ಕಡಿನ್ನಾ ಎನ್ನ ಪಾಟ್ಟಿ?" ಎಂದು ಅಜ್ಜಿಯನ್ನು ಕೇಳಿದಳು. ಅವಳು ಆ ಪದವನ್ನು ಕೇಳಿಯೇ ಇರಲಿಲ್ಲ. ಮಾದಮ್ಮ ಸ್ವಲ್ಪ ಯೋಚಿಸಿ, "ಸೀರು ಇದ್ದಂಗೆ ಕಣಮ್ಮಾ" ಎಂದಳು. ತವರಿನಿಂದ ಮಗಳಿಗೆ ಕೊಡುವ ಉಡುಗೊರೆಗೆ ತಮಿಳಿನಲ್ಲಿ ಸೀರು ಎನ್ನುತ್ತಾರೆ. ಹುಡುಗಿಗೆ ಅರ್ಥವಾಯಿತು, ಆದರೆ ಅಜ್ಜಿಗೇ ಸಮಾಧಾನವಾಗಲಿಲ್ಲ.

"ಅಲ್ಲ, ಸೀರೂ ಅಲ್ಲ. ಸೀರು ಅಂದ್ರೆ ನಾವು ಕೊಟ್ಟು ಕಳ್ಸೋದು. ಅಕ್ಕಡಿ ಅಂದ್ರೆ ಅವ್ಳೇ ಬರೋದು." ಎದುರಿನ ಹತ್ತಿ ಹೊಲದ ಕಡೆ ಕೈ ತೋರಿಸಿದಳು. "ಇಲ್ಲೆಲ್ಲ ಮುಂಚೆ ರಾಗಿ. ಸೆಲ್ವಿ ಬಿತ್ನೆಗೆ ಬರೋಳು, ಅವರೆಕಾಯಿಗೆ ಬರೋಳು. ಬಾ ಅಂತ ಹೇಳ್ಕಳಿಸೋದೇ ಬ್ಯಾಡ. ಆಮೇಲೆ ನನ್ ಮಕ್ಳು ಬೋರ್ ಆಕಿಸಿ ಹತ್ತಿ ಇಟ್ರು. ಅವ್ರಿಗೂ ಮನೆ ನಡೀಬೇಕಲ್ಲ. ಈಗ ಮಗಳನ್ನ ಕರೆಯಾಕೆ ಏನೂ ಇಲ್ಲ. ಅವ್ಳಿಗೂ ಬರಾಕೆ ಏನೂ ಇಲ್ಲ."

ಮೂರು ವರ್ಷ ಕೆಲಸವಿತ್ತೆಂದು ಹೇಳಿದ ಸೆಲ್ವಿಯ ಮುಖ ಕಣ್ಣ ಮುಂದೆ ಬಂತು. ಪದ ಹುಡುಕಲು ಬಂದ ನನಗೆ ಆ ಹೊತ್ತಿಗೆ ಪದದ ಚಿಂತೆ ಇರಲಿಲ್ಲ.

ಶುಕ್ರವಾರ ಮೊದಲ ಬಸ್ಸು ಹಿಡಿದರೂ ಮಾರಂಡಹಳ್ಳಿ ತಲುಪುವಾಗ ಹನ್ನೆರಡು ದಾಟಿತ್ತು. ಟ್ರಾಕ್ಟರು ಬೇರೆಯವರ ಹೊಲ ಮುಗಿಸಿ ಆಗತಾನೇ ಇವರ ಹೊಲಕ್ಕೆ ಇಳಿದಿತ್ತು. ದಾರಿಯಲ್ಲಿ ಊಟದ ಕುಕ್ಕೆ ಹೊತ್ತು ಹೋಗುತ್ತಿದ್ದ ಸೆಲ್ವಿ ಸಿಕ್ಕಳು. "ಅಮ್ಮ ಎನ್ನ ಸೊನ್ನಾಂಗ?" ಎಂದು ಕೇಳಿದಳು. ಅಮ್ಮ ಏನು ಹೇಳಿದಳೋ ಅದನ್ನು ಹೇಳಿದಂತೆಯೇ ಹೇಳಿದೆ. ಸೆಲ್ವಿ ತಲೆಯ ಮೇಲಿನ ಕುಕ್ಕೆಯನ್ನು ಸರಿಮಾಡಿಕೊಂಡಳು. ಆಮೇಲೆ, ನಾನು ಅವಳ ಬಾಯಲ್ಲಿ ಅದುವರೆಗೆ ಕೇಳಿರದ ಕನ್ನಡದಲ್ಲಿ, "ಅತ್ತಿಗೇಗೆ ತಮ್ಮನ ಹೊಲದಾಗೆ ಸಾಲೈತೆ. ಇಲ್ಲಿ ನಂದು ಅಂತ ಯಾವ್ದೈತೆ? ಅದಕ್ಕೇ ಟ್ರಾಕ್ಟರ್ ಬರ್ಲಿ ಅಂದೆ. ಯಾರಿಗೂ ಬ್ಯಾಡ ಅಂತ" ಎಂದಳು. ಹೇಳಿಬಿಟ್ಟದ್ದಕ್ಕೆ ನಾಚಿ, ಬೇಗಬೇಗ ಹೆಜ್ಜೆ ಹಾಕಿದಳು.

ಹೊಲದ ಬದುವಿನ ಮೇಲೆ ತಾಯಮ್ಮ ತನ್ನ ಕಾಳಿನ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಚಿನ್ನಸಾಮಿ ರಾಗಿಯ ಮಂಕರಿ ಹಿಡಿದು ಅವಳ ಎದುರು ನಿಂತಿದ್ದ.

"ಕೊಡಕ್ಕ, ನಿನ್ ಕಾಳೂ ಇದ್ರಾಗೇ ಕಲ್ಸಿ ಎರಚ್ತೀನಿ. ಕಲಪ್ಪು ಪಯಿರ್ ಅಂತ ಡಿಪೋನಾಗೆ ಹೇಳ್ತಾರಲ್ಲ, ಅದೇ ತಾನೆ ಅಕ್ಕಡಿ? ಹೊಲದ ತುಂಬ ಬರ್ತೈತೆ, ಮೊದಲಿಗಿಂತ ಜಾಸ್ತಿನೇ ತಗ."

ಅವನು ನಿಜವಾಗಿ ಅಕ್ಕನಿಗೆ ಒಳ್ಳೆಯದನ್ನೇ ಮಾಡಲು ಹೊರಟಿದ್ದ. ಮೂರು ದಿನ ತಲೆ ಕೆಡಿಸಿಕೊಂಡು ಇದೊಂದು ಉಪಾಯ ಹುಡುಕಿದ್ದನೆಂದು ಅವನ ಮುಖವೇ ಹೇಳುತ್ತಿತ್ತು. ತಾಯಮ್ಮ ಗಂಟು ಬಿಡಲಿಲ್ಲ.

"ಹೊಲ್ದ ತುಂಬ ಎರಚ್‌ಬುಟ್ರೆ ನಾನ್ ಎಲ್ಲಿ ನಿಂತ್ಕಳ್ಲಿ, ಚಿನ್ನಾ?"

ಅಷ್ಟೇ ಅವಳು ಕೇಳಿದ್ದು. ಟ್ರಾಕ್ಟರಿನವನು ದೂರದಿಂದ "ಸೀಕ್ಕಿರಂ, ಸೀಕ್ಕಿರಂ" ಎಂದು ಅವಸರಪಡಿಸಿದ. ಚಿನ್ನಸಾಮಿ ಬರಿಯ ರಾಗಿಯನ್ನೇ ಎರಚುತ್ತ ಹೊರಟ. ಟ್ರಾಕ್ಟರು ಹಿಂದೆಯೇ ಬಂದು ಮಣ್ಣು ಮುಚ್ಚಿ, ಮುಂದಿನ ಹೊಲಕ್ಕೆ ಹೊರಟುಹೋಯಿತು. ನೆಲ ಒಂದೇ ಸಮನಾಗಿ ಮಲಗಿತ್ತು. ತಾಯಮ್ಮ ಎದ್ದು ಮನೆಯ ಕಡೆ ತಿರುಗಿದಳು.

ಆಗ ಸೆಲ್ವಿ ಕುಕ್ಕೆಯನ್ನು ನನ್ನ ಕೈಗೆ ಕೊಟ್ಟು, ಬದುವಿನಲ್ಲಿ ಬಿದ್ದಿದ್ದ ಗುದ್ದಲಿ ಎತ್ತಿಕೊಂಡು ಹೊಲಕ್ಕೆ ಇಳಿದಳು. ಮೇಲಿನ ಬದುವಿನ ಪಕ್ಕದಿಂದ ಶುರು ಮಾಡಿ, ಬಗ್ಗಿ, ಒಂದು ಗೀರು ಸಾಲು ತೆಗೆಯುತ್ತ ಹಿಂದೆ ಹಿಂದೆ ಬರತೊಡಗಿದಳು.

"ಏಯ್, ಏನಾಯ್ತೇ ನಿಂಗೆ? ಈಗಷ್ಟೇ ಬಿತ್ತೈತೆ!" ಎಂದು ಚಿನ್ನಸಾಮಿ ಕೂಗಿದ.

"ನಿಮ್ ರಾಗಿ ನಾಲ್ಕು ಹಿಡಿ ಓದ್ರೆ ಓಗ್ಲಿ" ಎಂದು ಸೆಲ್ವಿ ತಲೆಯೆತ್ತದೆ ಹೇಳಿ, ನಿಂತೇಬಿಟ್ಟಿದ್ದ ತಾಯಮ್ಮನನ್ನು ಕೂಗಿದಳು. "ಅತ್ತಿಗೇ, ಬಾ. ಕಾಳು ಬಿಡು."

ಅರ್ಧ ಸಾಲು ಆಗುವಷ್ಟರಲ್ಲಿ ಸೆಲ್ವಿಯ ಉಸಿರು ಕಟ್ಟಿತು. ಚಿನ್ನಸಾಮಿ ಒಮ್ಮೆ ಹೆಂಡತಿಯನ್ನು, ಒಮ್ಮೆ ಅಕ್ಕನನ್ನು ನೋಡಿದ. "ಗುದ್ಲೀಲಿ ಸಾಲು ಒಡೀತಾರಂತೆ. ಊರು ನಗಾಡ್ತೈತೆ" ಎಂದು ಗೊಣಗುತ್ತ ಮನೆಗೆ ಹೋದವನು, ಗಾಡಿಯ ಎತ್ತುಗಳನ್ನು ಹೊಡೆದುಕೊಂಡು, ನೇಗಿಲು ಹೆಗಲ ಮೇಲೆ ಹಾಕಿಕೊಂಡು ಬಂದ. ಕಂಕುಳಲ್ಲಿ ಸಡ್ಡೆ ಇತ್ತು. ಅದನ್ನು ಯಾರೂ ತಾ ಎಂದು ಹೇಳಿರಲಿಲ್ಲ. ನನಗೆ ಅವನನ್ನು ತಬ್ಬಿಕೊಳ್ಳಬೇಕೆನ್ನುವಷ್ಟು ಪ್ರೀತಿ ಬಂತು.

ಮುಂದೆ ನೇಗಿಲು, ಹಿಂದೆ ತಾಯಮ್ಮ. ಮುಷ್ಟಿಯನ್ನು ಕೊಳವೆಯ ಬಾಯಿಗೆ ಇಟ್ಟು, ಬೆರಳ ಸಂದಿಯಿಂದ ಒಂದೊಂದೇ ಕಾಳು ಜಾರಿಸುತ್ತ ನಡೆದಳು. ಒಂದು ಸಾಲು ಅವರೆ, ಒಂದು ಹುಚ್ಚೆಳ್ಳು, ಒಂದು ಹರಳು. ನಾನೂ ಸೆಲ್ವಿಯೂ ಕಾಲಿನಿಂದ ಮಣ್ಣು ಮುಚ್ಚುತ್ತ ಹಿಂಬಾಲಿಸಿದೆವು. ಮುಚ್ಚಿದ್ದಕ್ಕಿಂತ ನಾನು ತುಳಿದದ್ದೇ ಹೆಚ್ಚೆಂದು ಚಿನ್ನಸಾಮಿ ತಮಾಷೆ ಮಾಡಿದ. ಕೆಳಗಿನ ಬದುವಿನ ಬಳಿ ಇನ್ನೊಂದೇ ಸಾಲು ಉಳಿದಾಗ ತಾಯಮ್ಮ ನಿಂತಳು. ಸಡ್ಡೆಯನ್ನು ಸೆಲ್ವಿಯ ಕೈಗೆ ಇಟ್ಟಳು.

"ಇದು ನಿಂದು."

"ಲೇ ಅಕ್ಕ, ಸೊಸೆಗೆ ಅಕ್ಕಡಿ ಎಲ್ಲಾನ ಉಂಟಾ? ಯಾರೂ ಕೇಳಿಲ್ಲ, ನೋಡಿಲ್ಲ" ಎಂದು ಚಿನ್ನಸಾಮಿ ಎತ್ತು ನಿಲ್ಲಿಸಿದ.

"ನನ್ ಸಾಲು. ನಾನ್ ಯಾರಿಗಾನ ಕೊಡ್ತೀನಿ. ನೀನ್ ಎತ್ತು ಹೊಡಿ" ಎಂದಳು ತಾಯಮ್ಮ. ಆ ಮನೆಯವರ ಎದುರು ಅವಳು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿದ್ದು ಆಗಲೇ.

ಚಿನ್ನಸಾಮಿ ಎತ್ತು ಹೊಡೆದ. ತಾಯಮ್ಮ ಗಂಟು ಬಿಚ್ಚಿ, ಅವರೆಯೋ ಹರಳೋ ಎಂದು ಕೇಳಿದಳು. ಸೆಲ್ವಿ ಅವರೆಯ ಕಡೆ ಕೈ ಒಡ್ಡಿದಳು. ಸೀರೆಯ ಸೆರಗಿನಿಂದ ಒಮ್ಮೆ ಕಣ್ಣು ಒರೆಸಿಕೊಂಡು ಸಾಲಿಗೆ ಕಾಲಿಟ್ಟಳು.

ಸಂಜೆಯ ಹೊಸೂರು ಬಸ್ಸು ಹಿಡಿಯಬೇಕಾಗಿದ್ದರಿಂದ ನಾನು ಅಲ್ಲಿಂದಲೇ ಹೊರಟೆ. ಕೈತೊಳೆಯಲೂ ಹೊತ್ತಿರಲಿಲ್ಲ. ರಸ್ತೆಗೆ ಹತ್ತುವಾಗ ಹಿಂದಿನಿಂದ ಸೆಲ್ವಿ ಕೂಗಿದಳು. ಸಾಲಿನ ನಡುವೆ ನಿಂತು, ಮಣ್ಣು ಮೆತ್ತಿದ ಕೈಯನ್ನು ಹಣೆಗೆ ಅಡ್ಡ ಹಿಡಿದಿದ್ದಳು.

"ಅಕ್ಕಾ, ನಮ್ಮಮ್ಮಂಗೆ ಒಂದು ಕಾಗದ ಆಕ್ತೀರಾ? ಅವರೆ ಬಿಟ್ಟಾಗ ಬರ್ಬೇಕಂತೆ ಅನ್ನಿ. ಮಗಳ ಸಾಲ್ಗೆ."